ರೀಬ್ರೀದರ್ ಜೋಡಣೆಯಲ್ಲಿ ಆಗುವ ತಪ್ಪುಗಳು: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಸಾದಾ ಸ್ಕೂಬಾದಲ್ಲಿ ಸಿಲಿಂಡರಿನ ವಾಲ್ವ್ ತೆರೆಯಲು ಮರೆತರೆ ಒಂದೆರಡು ಉಸಿರಿನಲ್ಲೇ ಗೊತ್ತಾಗುತ್ತದೆ, ಏಕೆಂದರೆ ಗಾಳಿಯೇ ಬರುವುದಿಲ್ಲ. ರೀಬ್ರೀದರ್ ಎಂದರೆ ಬಿಟ್ಟ ಉಸಿರನ್ನೇ ಶುದ್ಧಗೊಳಿಸಿ ಮತ್ತೆ ಉಸಿರಾಡಲು ಕೊಡುವ ಡೈವಿಂಗ್ ಯಂತ್ರ; ಅದರಲ್ಲಿ ಬಹಳಷ್ಟು ತಪ್ಪುಗಳಾಗಿದ್ದರೂ ಗಾಳಿ ಬರುತ್ತಲೇ ಇರುತ್ತದೆ. ಆಕ್ಸಿಜನ್ ಮುಚ್ಚಿದ್ದರೂ ಬರುತ್ತದೆ, ಕಾರ್ಬನ್ ಡೈಆಕ್ಸೈಡ್ ಹೀರುವ ಸೋಡಾ ಲೈಮಿನ ಡಬ್ಬ ಖಾಲಿ ಇದ್ದರೂ ಬರುತ್ತದೆ. ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಸಿಲಿಂಡರ್ ಕಟ್ಟಿಕೊಂಡು ಡೈವಿಂಗ್ ಕಲಿತವರು ಈ ಯಂತ್ರಕ್ಕೆ ಬಂದಾಗ ಮೊದಲು ಬಿಡಬೇಕಾದ ನಂಬಿಕೆ ಇದೇ. ಉಸಿರು ಸರಾಗವಾಗಿ ಆಡುತ್ತಿದೆ ಎಂದ ಮಾತ್ರಕ್ಕೆ ಲೂಪಿನೊಳಗಿನ, ಅಂದರೆ ಉಸಿರು ಸುತ್ತುವ ಮುಚ್ಚಿದ ದಾರಿಯೊಳಗಿನ, ಗಾಳಿ ಬದುಕಿಸುವ ಗಾಳಿ ಎಂದು ಹೇಳಲಾಗದು.

1998ರಿಂದ 2010ರವರೆಗೆ ಜಗತ್ತಿನಾದ್ಯಂತ ಹವ್ಯಾಸಿ ರೀಬ್ರೀದರ್ ಡೈವರ್‌ಗಳ 181 ಸಾವುಗಳು ದಾಖಲಾಗಿವೆ. ಅವನ್ನು ಪರಿಶೀಲಿಸಿದ ಅಧ್ಯಯನ, ಸಾದಾ ಸ್ಕೂಬಾಕ್ಕೆ ಹೋಲಿಸಿದರೆ ಇಲ್ಲಿ ಸಾಯುವ ಅಪಾಯ ಸುಮಾರು ಹತ್ತು ಪಟ್ಟು ಎಂದು ಅಂದಾಜಿಸಿತು. ಎಲ್ಲವೂ ಜೋಡಣೆಯ ತಪ್ಪಿನಿಂದ ಆದವಲ್ಲ. ಆದರೆ ಜೋಡಣೆಯ ತಪ್ಪುಗಳು ದಡದಲ್ಲೇ ಹಿಡಿಯಬಹುದಾದ ತಪ್ಪುಗಳು. ಅದಕ್ಕೇ ಅವುಗಳ ಮೇಲೆ ಇಷ್ಟು ಹೊತ್ತು ಕಳೆಯುವುದು ಸಾರ್ಥಕ.

ಯಂತ್ರದ ದಾರಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಬಿಟ್ಟ ಉಸಿರು ಒಂದು ಹೋಸಿನಲ್ಲಿ ಹೋಗಿ ಕೌಂಟರ್‌ಲಂಗ್ ಎಂಬ ಚೀಲ ಸೇರುತ್ತದೆ. ಅಲ್ಲಿಂದ ಸೋಡಾ ಲೈಮ್ ತುಂಬಿದ ಸ್ಕ್ರಬ್ಬರ್ ಡಬ್ಬಕ್ಕೆ ಹೋಗಿ ಕಾರ್ಬನ್ ಡೈಆಕ್ಸೈಡ್ ಕಳೆದುಕೊಳ್ಳುತ್ತದೆ. ಆಕ್ಸಿಜನ್ ಅಳೆಯುವ ಸೆಲ್‌ಗಳ ಮುಂದೆ ಹಾದು, ಇನ್ನೊಂದು ಹೋಸಿನಿಂದ ಬಾಯಿಗೆ ಮರಳುತ್ತದೆ. ದೇಹ ಬಳಸಿದಷ್ಟು ಆಕ್ಸಿಜನ್ನನ್ನು ಸೊಲೆನಾಯ್ಡ್ ಎಂಬ ವಿದ್ಯುತ್ ವಾಲ್ವ್ ಸೇರಿಸುತ್ತದೆ. ಕೆಳಗಿಳಿದಾಗ ಕುಗ್ಗಿದ ಲೂಪನ್ನು ಡೈಲ್ಯುಯೆಂಟ್, ಅಂದರೆ ಇನ್ನೊಂದು ಸಿಲಿಂಡರಿನ ಗಾಳಿ ಅಥವಾ ಗ್ಯಾಸ್ ಮಿಶ್ರಣ, ತುಂಬುತ್ತದೆ. ಆಕ್ಸಿಜನ್ನಿನ ಆಂಶಿಕ ಒತ್ತಡವನ್ನು, ಅಂದರೆ ಡೈವರ್‌ಗಳು ಪಿಪಿಒ2 ಎನ್ನುವುದನ್ನು, ಆಳದಲ್ಲಿ ಸಾಮಾನ್ಯವಾಗಿ 1.2ರಿಂದ 1.3 ಬಾರ್‌ನಲ್ಲಿ ಇಡುತ್ತಾರೆ. 0.16ಕ್ಕಿಂತ ಕೆಳಗೆ ಅಪಾಯ, 0.10ರ ಹತ್ತಿರ ಪ್ರಜ್ಞೆ ತಪ್ಪುತ್ತದೆ. 1.6 ದಾಟಿದರೆ ಮುನ್ಸೂಚನೆಯೇ ಇಲ್ಲದೆ ಸೆಳೆತ ಬರಬಹುದು.

ಮೊದಲು ಓದಬೇಕಾದ ಎಚ್ಚರಿಕೆ

ಸೆಲ್‌ಗಳ ಭಾಗದಲ್ಲಿ ಆಳದಲ್ಲಿ ಮಾಡುವ ಎರಡನ್ನು ಬಿಟ್ಟರೆ ಇಲ್ಲಿರುವ ಪರೀಕ್ಷೆಗಳೆಲ್ಲ ದಡದಲ್ಲಿ, ಮೇಜಿನ ಮೇಲೆ ಮಾಡುವಂಥವು. ನೀರಿನೊಳಗೆ ಏನಾದರೂ ಸರಿಯಿಲ್ಲ ಅನ್ನಿಸಿದರೆ ಕಾರಣ ಹುಡುಕುತ್ತಾ ನಿಲ್ಲಬೇಡಿ. ಮೊದಲು ಬೇಲ್‌ಔಟ್, ಅಂದರೆ ಲೂಪ್ ಬಿಟ್ಟು ಜೊತೆಗಿರುವ ಸಾದಾ ಸಿಲಿಂಡರಿನ ಉಸಿರಿಗೆ ಬನ್ನಿ, ಆಮೇಲೆ ಮೇಲಕ್ಕೆ ಹೊರಡಿ. ಕಾರಣವನ್ನು ಮೇಲೆ ಬಂದ ಮೇಲೆ ಹುಡುಕಬಹುದು.

ಈ ಬರಹ ಮೂರು ಸೆಲ್, ಸೊಲೆನಾಯ್ಡ್ ಇರುವ ಎಲೆಕ್ಟ್ರಾನಿಕ್ ಮಾದರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಕೈಯಿಂದ ಆಕ್ಸಿಜನ್ ಸೇರಿಸುವ ಮಾದರಿಗಳಿಗೆ ಸೊಲೆನಾಯ್ಡಿನ ಮಾತು ಬಿಟ್ಟು ಉಳಿದದ್ದು ಬಹುಪಾಲು ಅನ್ವಯಿಸುತ್ತದೆ. ಬಿಡಿಭಾಗದ ಅಳತೆ, ಒತ್ತಡದ ಅಂಕಿಗಳಿಗೆ ನಿಮ್ಮ ಯಂತ್ರದ ತಯಾರಕರ ಕೈಪಿಡಿಯೇ ಕಡೆಯ ಮಾತು. ಆಯಾ ಮಾದರಿಯ ತರಬೇತಿ ಪಡೆಯದವರು ಇದನ್ನು ಓದಿ ನೀರಿಗಿಳಿಯಬಾರದು.

ಲಕ್ಷಣ: ನೆಗೆಟಿವ್ ಪರೀಕ್ಷೆ ನಿಲ್ಲುತ್ತಿಲ್ಲ, ಎಳೆದ ಹೋಸು ಮತ್ತೆ ಉಬ್ಬುತ್ತದೆ

ಲೂಪಿನ ಗಾಳಿಯನ್ನು ಬಾಯಿಂದ ಎಳೆದು ಹೋಸುಗಳು ಕುಗ್ಗುವಂತೆ ಮಾಡಿ, ಮೌತ್‌ಪೀಸ್ ಮುಚ್ಚಿ, ಕೈಪಿಡಿ ಹೇಳಿದಷ್ಟು ಹೊತ್ತು ಬಿಟ್ಟಿದ್ದೀರಿ. ಹೋಸು ಮೆಲ್ಲನೆ ಸಡಿಲಾಗುತ್ತಿದೆ ಎಂದರೆ ಹೊರಗಿನ ಗಾಳಿ ಒಳಗೆ ಬರುತ್ತಿದೆ. ಅದೇ ದಾರಿಯಲ್ಲಿ ನೀರೂ ಬರುತ್ತದೆ.

ಮೊದಲು ಖರ್ಚಿಲ್ಲದ ಕಾರಣಗಳನ್ನು ನೋಡಿ. ಮೌತ್‌ಪೀಸಿನ ಲಿವರ್ ಕೊನೆಯವರೆಗೆ ತಿರುಗಿದೆಯೇ? ಡೈಲ್ಯುಯೆಂಟ್ ಸಿಲಿಂಡರ್ ಮುಚ್ಚಿ ಹೋಸಿನ ಒತ್ತಡ ಇಳಿಸಿದ್ದೀರಾ? ಇಳಿಸಿರದಿದ್ದರೆ ಲೂಪ್ ಕುಗ್ಗಿದ ಕೂಡಲೇ ಡೈಲ್ಯುಯೆಂಟಿನ ಸ್ವಯಂಚಾಲಿತ ವಾಲ್ವ್ ತೆರೆದುಕೊಂಡು ಗ್ಯಾಸ್ ಬಿಡುತ್ತದೆ. ಸೋರಿಕೆ ಇಲ್ಲದೆಯೂ ಪರೀಕ್ಷೆ ವಿಫಲವಾದಂತೆ ಕಾಣುತ್ತದೆ.

ಆಮೇಲೆ ಡಬ್ಬದ ಮುಚ್ಚಳ, ಹೋಸಿನ ಎರಡೂ ತುದಿ, ಕೌಂಟರ್‌ಲಂಗಿನ ಕೀಲು, ನೀರು ಹೊರಬಿಡುವ ವಾಲ್ವ್, ಹೀಗೆ ಒಂದೊಂದನ್ನೇ ಬಿಚ್ಚಿ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಹೊರತೆಗೆಯಿರಿ. ಒಂದು ಕೂದಲೆಳೆ, ಒಂದು ಮರಳ ಕಣ, ಸೋಡಾ ಲೈಮಿನ ಒಂದು ಕಾಳು ಸಾಕು. ಓ-ರಿಂಗನ್ನು ಬೆರಳ ತುದಿಯಲ್ಲಿ ಸುತ್ತ ಹೊರಳಿಸುತ್ತಾ ಬೆಳಕಿಗೆ ಹಿಡಿಯಿರಿ. ಕಣ್ಣಿಗೆ ಕಾಣದ ಸೀಳು ಬೆರಳಿಗೆ ತಗಲುತ್ತದೆ. ಮುಚ್ಚಳ ಹಾಕುವಾಗ ಅಂಚಿಗೆ ಸಿಕ್ಕಿ ಚಪ್ಪಟೆಯಾದ ಓ-ರಿಂಗನ್ನು ಮತ್ತೆ ಬಳಸಬೇಡಿ. ಗ್ರೀಸು ಆಕ್ಸಿಜನ್ನಿಗೆ ಹೊಂದುವಂಥದ್ದೇ ಆಗಿರಲಿ. ಸಾದಾ ಸಿಲಿಕೋನ್ ಗ್ರೀಸು ಅಥವಾ ಎಣ್ಣೆ ಅಧಿಕ ಒತ್ತಡದ ಆಕ್ಸಿಜನ್ನಿನ ಭಾಗಕ್ಕೆ ತಗಲಿದರೆ ಬೆಂಕಿ ಹೊತ್ತಬಹುದು. ಆಕ್ಸಿಜನ್ ವಾಲ್ವನ್ನು ಯಾವಾಗಲೂ ನಿಧಾನವಾಗಿ ತೆರೆಯಿರಿ.

ಲಕ್ಷಣ: ಪಾಸಿಟಿವ್ ಪರೀಕ್ಷೆಯಲ್ಲಿ ಉಬ್ಬಿದ ಚೀಲ ಕುಗ್ಗುತ್ತದೆ

ಇಲ್ಲಿ ಲೂಪನ್ನು ಊದಿ ಉಬ್ಬಿಸಿ, ಮುಚ್ಚಿ ಬಿಡುತ್ತೀರಿ. ಹೆಚ್ಚಾಗಿ ಇದು ಹೆಚ್ಚುವರಿ ಒತ್ತಡ ಬಿಡುವ ವಾಲ್ವನ್ನು ಪೂರ್ತಿ ಬಿಗಿ ಮಾಡದೆ ಆಗುವುದು. ಅದು ಸರಿಯಿದ್ದರೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಈ ಪರೀಕ್ಷೆಯನ್ನು ನೆರಳಿನಲ್ಲೇ ಮಾಡಿ. ಕರಾವಳಿಯ ಬಿಸಿಲಲ್ಲಿ ಕಪ್ಪು ಚೀಲದೊಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಸಣ್ಣ ಸೋರಿಕೆ ಅದರಲ್ಲಿ ಮುಚ್ಚಿಹೋಗುತ್ತದೆ.

ಈ ಎರಡೂ ಪರೀಕ್ಷೆ ಚೊಕ್ಕವಾಗಿ ಮುಗಿದರೆ ತಿಳಿಯುವುದು ಒಂದೇ ವಿಷಯ: ಲೂಪಿನ ಹೊರಗೋಡೆಯಲ್ಲಿ ತೂತಿಲ್ಲ. ಒಳಗೆ ಗಾಳಿ ಯಾವ ದಾರಿ ಹಿಡಿಯುತ್ತದೆ ಎಂಬುದರ ಬಗ್ಗೆ ಅವು ಏನೂ ಹೇಳುವುದಿಲ್ಲ. ಸ್ಕ್ರಬ್ಬರ್ ಡಬ್ಬ ಹಾಕಲು ಮರೆತಿದ್ದರೂ, ಡಬ್ಬದ ಒಳಗಿನ ಓ-ರಿಂಗ್ ಇಲ್ಲದಿದ್ದರೂ, ಉಸಿರಿನ ದಿಕ್ಕು ಕಾಯುವ ಮಶ್ರೂಮ್ ವಾಲ್ವ್ ಕಳಚಿ ಬಿದ್ದಿದ್ದರೂ ಎರಡೂ ಪರೀಕ್ಷೆ ಪಾಸಾಗುತ್ತವೆ. ಕೊಲ್ಲುವ ತಪ್ಪುಗಳು ಬಹಳಷ್ಟು ಈ ಗುಂಪಿನವು. ಆದ್ದರಿಂದ ಮುಂದಿನ ಭಾಗವನ್ನು ಅವಸರವಿಲ್ಲದೆ ಓದಿ.

ಲಕ್ಷಣ: ತಲೆನೋವು, ಏದುಸಿರು, ಕಾರಣವಿಲ್ಲದ ಗಾಬರಿ

ಇದು ಕಾರ್ಬನ್ ಡೈಆಕ್ಸೈಡ್ ಏರುತ್ತಿರುವ ಲಕ್ಷಣ. ಅಂಕಿ ತೋರಿಸುವ ಹ್ಯಾಂಡ್‌ಸೆಟ್‌ನಲ್ಲಿ ಪಿಪಿಒ2 ಸರಿಯಾಗಿಯೇ ಇರುತ್ತದೆ, ಅಲಾರಂ ಕೂಗುವುದಿಲ್ಲ. ನೀರಿನಲ್ಲಿ ಹೀಗಾದರೆ ತಕ್ಷಣ ಬೇಲ್‌ಔಟ್. ತಡಮಾಡಿದರೆ ಉಸಿರಿನ ಹಸಿವು ಎಷ್ಟು ಜೋರಾಗುತ್ತದೆಂದರೆ ಬಾಯಿಂದ ಮೌತ್‌ಪೀಸ್ ತೆಗೆದು ಬೇರೆಯದನ್ನು ಇಡುವ ಒಂದು ಕ್ಷಣವೂ ಆಗದ ಮಾತಾಗುತ್ತದೆ. ಮೌತ್‌ಪೀಸಿನಲ್ಲೇ ಬೇಲ್‌ಔಟ್ ವಾಲ್ವ್ ಇರುವ ಮಾದರಿಗಳು ಇಲ್ಲಿ ಜೀವ ಉಳಿಸುತ್ತವೆ. ಸ್ವಲ್ಪ ಸುಧಾರಿಸಿತೆಂದು ಲೂಪಿಗೆ ಮರಳಬೇಡಿ.

ದಡದಲ್ಲಿ ಹುಡುಕುವ ಕ್ರಮ ಹೀಗಿದೆ.

ಡಬ್ಬ ಒಳಗಿದೆಯೇ, ಅದರಲ್ಲಿ ಲೈಮ್ ಇದೆಯೇ ಎಂದು ಕಣ್ಣಾರೆ ನೋಡಿ. ತೊಳೆದು ಒಣಗಿಸಲು ಹೊರಗಿಟ್ಟ ಡಬ್ಬವನ್ನು ಮರೆತು ಮುಚ್ಚಳ ಹಾಕಿದವರಿದ್ದಾರೆ.

ಎರಡನೆಯದು ಮಶ್ರೂಮ್ ವಾಲ್ವ್. ಗಾಳಿ ಒಂದೇ ದಿಕ್ಕಿಗೆ ಓಡುವಂತೆ ಮಾಡುವುದು ಮೌತ್‌ಪೀಸಿನ ಎರಡು ಬದಿಯಲ್ಲಿರುವ ಈ ತೆಳು ರಬ್ಬರ್ ಬಿಲ್ಲೆಗಳೇ. ಒಂದು ಮಡಚಿಕೊಂಡಿದ್ದರೆ ಅಥವಾ ಇಲ್ಲವಾಗಿದ್ದರೆ ಬಿಟ್ಟ ಉಸಿರು ಸ್ಕ್ರಬ್ಬರ್ ಮುಟ್ಟದೆ ಹೋಸಿನಲ್ಲೇ ಹಿಂದೆ ಮುಂದೆ ಆಡುತ್ತದೆ. ತಡೆಯೊಂದು ಕಡಿಮೆಯಾದ್ದರಿಂದ ಉಸಿರಾಟ ಮೊದಲಿಗಿಂತ ಹಗುರ ಎನಿಸುತ್ತದೆ. ಅಪಾಯ ಇರುವುದು ಇಲ್ಲೇ. ಪರೀಕ್ಷೆ ಸುಲಭ, ಖರ್ಚಿಲ್ಲ: ಮೌತ್‌ಪೀಸ್ ಮತ್ತು ಹೋಸುಗಳನ್ನು ಯಂತ್ರದಿಂದ ಬೇರ್ಪಡಿಸಿ ಬಾಯಿಗಿಟ್ಟುಕೊಳ್ಳಿ. ಉಸಿರೆಳೆಯುವ ಹೋಸಿನ ತುದಿಯನ್ನು ಅಂಗೈಯಿಂದ ಮುಚ್ಚಿ ಎಳೆಯಿರಿ, ಏನೂ ಬರಬಾರದು. ಬಂದರೆ ಉಸಿರು ಬಿಡುವ ಬದಿಯ ಬಿಲ್ಲೆ ಕೆಟ್ಟಿದೆ. ಈಗ ಉಸಿರು ಬಿಡುವ ಹೋಸಿನ ತುದಿ ಮುಚ್ಚಿ ಊದಿ, ಏನೂ ಹೋಗಬಾರದು. ಹೋದರೆ ಎಳೆಯುವ ಬದಿಯದು ಕೆಟ್ಟಿದೆ. ಪ್ರತಿ ಜೋಡಣೆಗೂ, ಹೋಸು ಬಿಚ್ಚಿ ತೊಳೆದ ಪ್ರತಿ ಸಲವೂ ಇದನ್ನು ಮಾಡಿ. ಮೌತ್‌ಪೀಸನ್ನೇ ತಿರುವುಮುರುವಾಗಿ ಕೂರಿಸಿದ್ದರೆ ಎರಡೂ ಬಿಲ್ಲೆ ಹಿಡಿಯುತ್ತವೆ, ಆದರೆ ಗಾಳಿ ಉಲ್ಟಾ ಹರಿಯುತ್ತದೆ. ಅದಕ್ಕಾಗಿ ಹೋಸಿನ ಬಣ್ಣ, ಬಾಣದ ಗುರುತು ಎರಡನ್ನೂ ತಾಳೆ ನೋಡಿ.

ಮೂರನೆಯದು ಡಬ್ಬದ ಒಳ ಓ-ರಿಂಗ್ ಮತ್ತು ಸ್ಪೇಸರ್. ಇವು ಹೊರಗಿನ ನೀರನ್ನು ತಡೆಯುವಂಥವಲ್ಲ, ಗಾಳಿ ಲೈಮಿನ ಮೂಲಕವೇ ಹೋಗುವಂತೆ ಒತ್ತಾಯಿಸುವಂಥವು. ಇಲ್ಲದಿದ್ದರೆ ಗಾಳಿ ಡಬ್ಬದ ಬದಿಯಿಂದ ನುಸುಳುತ್ತದೆ. ಇದನ್ನು ಹಿಡಿಯುವ ಒತ್ತಡದ ಪರೀಕ್ಷೆ ಇಲ್ಲವಾದ್ದರಿಂದ, ಮುಚ್ಚುವ ಮುನ್ನ ಬೆರಳಿಟ್ಟು ಮುಟ್ಟಿ, ಬಾಯಲ್ಲಿ ಜೋರಾಗಿ ಹೇಳಿ, ಜೊತೆಗಾರ ಪಟ್ಟಿಯಲ್ಲಿ ಗುರುತು ಹಾಕಲಿ.

ನಾಲ್ಕನೆಯದು ಲೈಮ್ ತುಂಬಿದ ರೀತಿ. ಮೂರನೇ ಒಂದು ಭಾಗ ಸುರಿದು ಡಬ್ಬದ ಬದಿ ತಟ್ಟಿ, ಮತ್ತೆ ಸುರಿದು ತಟ್ಟಿ, ಡಬ್ಬಕ್ಕೆ ರಾಗಿ ತುಂಬಿ ಕೂರಿಸುವಂತೆ ಗೆರೆಯವರೆಗೆ ತುಂಬಬೇಕು. ಒತ್ತುವ ತಟ್ಟೆ ಬಿಗಿಯಾಗಿ ಕೂತ ಮೇಲೆ ಕಿವಿಯ ಹತ್ತಿರ ಅಲುಗಿಸಿದರೆ ಕಾಳು ಗಲಗಲ ಎನ್ನಬಾರದು. ತೂಕ ಬರೆದಿಡುವುದು ಒಳ್ಳೆಯ ಅಭ್ಯಾಸ: ಪ್ರತಿ ಸಲ 2.5 ಕಿಲೋ ಹಿಡಿಯುವ ಡಬ್ಬ ಇವತ್ತು 2.2ಕ್ಕೇ ತುಂಬಿತೆಂದರೆ ಒಳಗೆ ಎಲ್ಲೋ ಪೊಳ್ಳಿದೆ, ಗಾಳಿ ಅಲ್ಲೇ ಕಾಲುವೆ ಮಾಡಿಕೊಳ್ಳುತ್ತದೆ. ಕೆಲಸವನ್ನು ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ, ಕೈಗವಸು ಹಾಕಿ ಮಾಡಿ. ಇದರ ಪುಡಿ ಕಣ್ಣು, ಶ್ವಾಸನಾಳವನ್ನು ಸುಡುತ್ತದೆ.

ಐದನೆಯದು ಲೈಮಿನ ವಯಸ್ಸು. ತೆರೆದಿಟ್ಟ ಕ್ಯಾನಿನ ಲೈಮ್ ತೇವ ಕಳೆದುಕೊಂಡು ಕೆಲಸ ಮಾಡುವುದಿಲ್ಲ. ಬಣ್ಣ ಬದಲಾಗುವ ಲೈಮಿನ ಬಣ್ಣವನ್ನೂ ನಂಬಬೇಡಿ, ವಿಶ್ರಾಂತಿಯಲ್ಲಿ ಅದು ಮತ್ತೆ ಬಿಳಿಯಾಗಬಹುದು. ಬಳಸಿದ ನಿಮಿಷಗಳನ್ನು ಡಬ್ಬದ ಮೇಲೆ ಅಂಟಿಸಿದ ಟೇಪಿನಲ್ಲಿ ಬರೆಯಿರಿ. ಅರ್ಧ ಬಳಸಿದ್ದನ್ನು ಸುರಿದು ಮತ್ತೆ ತುಂಬುವುದಂತೂ ಬೇಡವೇ ಬೇಡ, ಸತ್ತ ಕಾಳು ಜೀವಂತ ಕಾಳಿನ ಜೊತೆ ಬೆರೆತುಹೋಗುತ್ತದೆ.

ಇಷ್ಟೆಲ್ಲ ಯಾಕೆ, ನೀರಿಗಿಳಿಯುವ ಮುನ್ನ ಐದು ನಿಮಿಷ ಲೂಪಿನಲ್ಲಿ ಉಸಿರಾಡಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳುವವರು ಬಹಳ. ನ್ಯೂಜಿಲೆಂಡಿನ ಸಂಶೋಧಕರು ಇದನ್ನೇ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಕ್ರಬ್ಬರಿನಲ್ಲಿ ಲೈಮೇ ಇಲ್ಲದಿದ್ದಾಗ 20 ಜನರಲ್ಲಿ 15 ಮಂದಿ ತಾವಾಗಿ ನಿಲ್ಲಿಸಿದರು, ಐವರು ಪೂರ್ತಿ ಐದು ನಿಮಿಷ ಮುಗಿಸಿದರು. ಸ್ಕ್ರಬ್ಬರ್ ಭಾಗಶಃ ವಿಫಲವಾಗಿದ್ದಾಗ ನಿಲ್ಲಿಸಿದವರು ಇಬ್ಬರೇ. ಹಾಗಾಗಿ ಈ ಐದು ನಿಮಿಷವನ್ನು ಸೆಲ್, ಸೊಲೆನಾಯ್ಡ್, ಸೆಟ್‌ಪಾಯಿಂಟ್ (ಯಂತ್ರ ಕಾಯ್ದುಕೊಳ್ಳಬೇಕಾದ ಪಿಪಿಒ2) ನೋಡಲು ಬಳಸಿ, ಸ್ಕ್ರಬ್ಬರಿಗೆ ಪ್ರಮಾಣಪತ್ರ ಕೊಡಲು ಬಳಸಬೇಡಿ. ಕೂತುಕೊಂಡೇ ಮಾಡಿ, ಮಾಸ್ಕ್ ಹಾಕಿ ಮೂಗು ಮುಚ್ಚಿರಲಿ, ಕಣ್ಣು ಹ್ಯಾಂಡ್‌ಸೆಟ್ ಮೇಲಿರಲಿ. ನಿಂತು ಮಾಡುವಾಗ ಪ್ರಜ್ಞೆ ತಪ್ಪಿದರೆ ದೋಣಿಯಿಂದ ನೀರಿಗೇ ಬೀಳುತ್ತೀರಿ.

ಲಕ್ಷಣ: ಪಿಪಿಒ2 ಇಳಿಯುತ್ತಿದೆ, ಮೈಗೆ ಏನೂ ಅನ್ನಿಸುತ್ತಿಲ್ಲ

ಆಕ್ಸಿಜನ್ ಕೊರತೆಗೆ ಏದುಸಿರು ಬರುವುದಿಲ್ಲ. ಕಾರ್ಬನ್ ಡೈಆಕ್ಸೈಡನ್ನು ಸ್ಕ್ರಬ್ಬರ್ ತೆಗೆಯುತ್ತಿರುವವರೆಗೆ ಉಸಿರು ಹಿತವಾಗಿಯೇ ಇರುತ್ತದೆ, ಹಾಗೇ ಪ್ರಜ್ಞೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಮೇಲ್ಮೈಯಲ್ಲಿ 6 ಲೀಟರ್ ಲೂಪ್, 0.7ರಲ್ಲಿ ಆರಂಭ, ದೇಹ ನಿಮಿಷಕ್ಕೆ 1 ಲೀಟರ್ ಆಕ್ಸಿಜನ್ ಬಳಸುತ್ತದೆ, ಖಾಲಿಯಾದ ಜಾಗವನ್ನು ಗಾಳಿಯ ಡೈಲ್ಯುಯೆಂಟ್ ತುಂಬುತ್ತದೆ ಎಂದಿಟ್ಟುಕೊಂಡರೆ, 0.16ಕ್ಕೆ ಇಳಿಯಲು ಸುಮಾರು ನಾಲ್ಕು ನಿಮಿಷ ಸಾಕು. ಮೇಲಕ್ಕೆ ಏರುತ್ತಿರುವಾಗ ಒತ್ತಡವೂ ಇಳಿಯುವುದರಿಂದ ಇನ್ನೂ ಬೇಗ.

ಹ್ಯಾಂಡ್‌ಸೆಟ್ ಆನ್ ಆಗಿದೆಯೇ, ಬ್ಯಾಟರಿ ಇದೆಯೇ ಎಂದು ಮೊದಲು ನೋಡಿ. ಆಮೇಲೆ ಆಕ್ಸಿಜನ್ ವಾಲ್ವ್. ಇಲ್ಲಿ ಒಂದು ಮೋಸವಿದೆ: ಪರೀಕ್ಷೆಗೆಂದು ತೆರೆದು ಮತ್ತೆ ಮುಚ್ಚಿದ ಸಿಲಿಂಡರಿನ ಗೇಜು ತುಂಬಿದಂತೆಯೇ ತೋರಿಸುತ್ತದೆ, ಏಕೆಂದರೆ ಹೋಸಿನಲ್ಲಿ ಸಿಕ್ಕಿಕೊಂಡ ಒತ್ತಡ ಹಾಗೇ ನಿಂತಿರುತ್ತದೆ. ಆಕ್ಸಿಜನ್ ಗುಂಡಿ ಒತ್ತುತ್ತಾ ಗೇಜಿನ ಮುಳ್ಳು ನೋಡಿ. ಮುಳ್ಳು ಅಲುಗದಿದ್ದರೆ ವಾಲ್ವ್ ಪೂರ್ತಿ ತೆರೆದಿದೆ. ಒತ್ತಿದಾಗ ಕುಸಿದು ಬಿಟ್ಟಾಗ ಮೇಲೇರಿದರೆ ಅರೆಬರೆ ತೆರೆದಿದೆ. ಕುಸಿದು ಅಲ್ಲೇ ನಿಂತರೆ ಮುಚ್ಚಿದೆ. ತೆರೆದ ಮೇಲೆ ಅರ್ಧ ಸುತ್ತು ಹಿಂದೆ ತಿರುಗಿಸುವ ಹಳೆಯ ರೂಢಿ ಬಿಡಿ. ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು.

ವಾಲ್ವ್ ಸರಿಯಿದ್ದರೆ ಸಿಲಿಂಡರಿನಲ್ಲಿ ಏನಿದೆ ಎಂದು ಅನಲೈಸರ್ ಹಿಡಿದು ಅಳೆಯಿರಿ. ಆಕ್ಸಿಜನ್ ಎಂದು ಬರೆದ ಸಿಲಿಂಡರಿನಲ್ಲಿ ಗಾಳಿ ತುಂಬಿ ಬಂದಿದ್ದರೆ ಸೊಲೆನಾಯ್ಡ್ ಎಷ್ಟು ಟಿಕ್ ಟಿಕ್ ಎಂದರೂ ಅಂಕಿ ಏರುವುದಿಲ್ಲ. ಅಳೆದ ಶೇಕಡಾ, ತಾರೀಕು, ಅಳೆದವರ ಸಹಿ ಸಿಲಿಂಡರ್ ಮೇಲೆ ಇರಲಿ. ತುಂಬ ಆಳಕ್ಕೆಂದು ಶೇಕಡಾ 10 ಆಕ್ಸಿಜನ್ನಿನ ಡೈಲ್ಯುಯೆಂಟ್ ಕಟ್ಟಿಕೊಂಡವರು ಅದನ್ನು ಮೇಲ್ಮೈಯಲ್ಲಿ ಉಸಿರಾಡಿದರೆ ಅಲ್ಲೇ ಕುಸಿಯುತ್ತಾರೆ.

ಗ್ಯಾಸೂ ಸರಿಯಿದ್ದು ಸೊಲೆನಾಯ್ಡ್ ಸದ್ದೇ ಇಲ್ಲದಿದ್ದರೆ ಬ್ಯಾಟರಿ ಅಥವಾ ವೈರಿಂಗ್. ಸದ್ದು ಇದ್ದೂ ಗ್ಯಾಸ್ ಬರದಿದ್ದರೆ ಆಕ್ಸಿಜನ್ ರೆಗ್ಯುಲೇಟರಿನ ಮಧ್ಯಮ ಒತ್ತಡ (ಸಿಲಿಂಡರಿನ ಒತ್ತಡವನ್ನು ತಗ್ಗಿಸಿ ಹೋಸಿಗೆ ಬಿಡುವ ಒತ್ತಡ) ಮಿತಿಗಿಂತ ಏರಿರಬಹುದು. ಅಂಥ ಒತ್ತಡದ ಎದುರು ಸೊಲೆನಾಯ್ಡ್ ತೆರೆಯಲಾರದು. ಒತ್ತಡದ ಗೇಜು ಹಾಕಿ ನೋಡುವುದು, ರೆಗ್ಯುಲೇಟರ್ ಬಿಚ್ಚುವುದು ಸರ್ವಿಸ್ ತಂತ್ರಜ್ಞರ ಕೆಲಸ.

ಲಕ್ಷಣ: ಪಿಪಿಒ2 ತಾನಾಗಿ ಏರುತ್ತಿದೆ

ಕೆಳಗಿಳಿಯುವಾಗ ಒಂದಿಷ್ಟು ಏರುವುದು ಸಹಜ. ಒಂದೇ ಆಳದಲ್ಲಿದ್ದೂ ಏರುತ್ತಿದ್ದರೆ ಆಕ್ಸಿಜನ್ ಒಳಗೆ ಸೋರುತ್ತಿದೆ. ಮೊದಲು ಬೇಲ್‌ಔಟ್ ಎಂಬ ಮಾತಿಗೆ ಇಲ್ಲಿ ಒಂದು ವಿನಾಯಿತಿ: ನೀರಿನಲ್ಲಿ ಆಕ್ಸಿಜನ್ ವಾಲ್ವ್ ಮುಚ್ಚಿ, ಡೈಲ್ಯುಯೆಂಟಿನಿಂದ ಲೂಪ್ ತೊಳೆಯಿರಿ. 1.6ರ ಹತ್ತಿರ ಬಂದಿದ್ದರೆ ಅಥವಾ ಯಾವ ಅಂಕಿ ನಂಬಬೇಕೆಂದು ತಿಳಿಯದಿದ್ದರೆ ನೇರ ಬೇಲ್‌ಔಟ್.

ದಡದಲ್ಲಿ ಮೊದಲು ಆಕ್ಸಿಜನ್ ಗುಂಡಿಯ ಸುತ್ತ ಉಪ್ಪು, ಮರಳು ಸೇರಿ ಒತ್ತಿಕೊಂಡೇ ಇದೆಯೇ ನೋಡಿ. ಆಮೇಲೆ ನಿಶ್ಶಬ್ದದಲ್ಲಿ ಕಿವಿಗೊಡಿ: ಸೊಲೆನಾಯ್ಡ್ ತೆರೆದೇ ನಿಂತಿದ್ದರೆ ಬಿಡದೆ ಸುಯ್ ಎನ್ನುವ ಸದ್ದು ಬರುತ್ತದೆ. ಬಳಿಕ ಹೋಸುಗಳು ಅದಲುಬದಲಾಗಿವೆಯೇ ಎಂಬುದು. ಬಹಳಷ್ಟು ಯಂತ್ರಗಳಲ್ಲಿ ಆಕ್ಸಿಜನ್ ಬಲಕ್ಕೆ, ಡೈಲ್ಯುಯೆಂಟ್ ಎಡಕ್ಕೆ, ಕನೆಕ್ಟರುಗಳೂ ಬೇರೆ ಬೇರೆ. ಆದರೆ ಅಡಾಪ್ಟರ್ ಹಾಕಿ ಬದಲಿಸಿದ ಯಂತ್ರಗಳಲ್ಲಿ ತಪ್ಪಾಗುತ್ತದೆ. ಡೈಲ್ಯುಯೆಂಟ್ ಗುಂಡಿ ಒತ್ತಿ: ಡೈಲ್ಯುಯೆಂಟ್ ಗಾಳಿಯಾಗಿದ್ದರೆ ಅಂಕಿ 0.21ರತ್ತ ಸಾಗಬೇಕು. ಏರಿದರೆ ಆ ಸಾಲಿನಲ್ಲಿರುವುದು ಆಕ್ಸಿಜನ್. ಹಾಗೇ ನೀರಿಗೆ ಇಳಿದಿದ್ದರೆ ಆಳದಲ್ಲಿ ಲೂಪ್ ತೊಳೆಯಲು ಹೋಗಿ ಶುದ್ಧ ಆಕ್ಸಿಜನ್ ಎಳೆದುಕೊಳ್ಳುತ್ತಿದ್ದಿರಿ.

ಲಕ್ಷಣ: ಮೂರು ಸೆಲ್ ಮೂರು ಅಂಕಿ ತೋರಿಸುತ್ತಿವೆ

ಮಿಲಿವೋಲ್ಟ್ ಪುಟಕ್ಕೆ ಹೋಗಿ. ಹೊಸ ಸೆಲ್ ಸಮುದ್ರಮಟ್ಟದ ಗಾಳಿಯಲ್ಲಿ ಸಾಮಾನ್ಯವಾಗಿ 8ರಿಂದ 13 ಮಿಲಿವೋಲ್ಟ್ ಕೊಡುತ್ತದೆ. ಗಾಳಿಯಲ್ಲಿ 10 ಕೊಟ್ಟದ್ದು ಶುದ್ಧ ಆಕ್ಸಿಜನ್ನಿನಲ್ಲಿ 48ರ ಆಸುಪಾಸು ಕೊಡಬೇಕು. ಮೂರೂ ಸಮನಾಗಿ ಕಡಿಮೆ ಇದ್ದರೆ ಸೆಲ್‌ಗಳನ್ನು ದೂರಬೇಡಿ. ಒಳಗೆ ಹಳೆಯ ಗಾಳಿ ಉಳಿದಿದೆ ಅಥವಾ ಆಕ್ಸಿಜನ್ ಶುದ್ಧವಿಲ್ಲ. ಒಂದೇ ಕಡಿಮೆ ಇದ್ದರೆ ಆ ಸೆಲ್ಲನ್ನು ಪಕ್ಕದ್ದರ ಜಾಗಕ್ಕೆ ಹಾಕಿ ನೋಡಿ. ತಪ್ಪು ಸೆಲ್ ಜೊತೆಗೇ ಹೋದರೆ ಸೆಲ್ ಕೆಟ್ಟಿದೆ. ಹಳೆಯ ಜಾಗದಲ್ಲೇ ಉಳಿದರೆ ವೈರು ಅಥವಾ ಕನೆಕ್ಟರ್, ಬಹುಮಟ್ಟಿಗೆ ಹಸಿರು ಕಿಲುಬು. ಸೆಲ್ ಮುಖದ ಮೇಲೆ ನೀರ ಹನಿ ಕೂತಿದ್ದರೂ ಅಂಕಿ ಜಡವಾಗುತ್ತದೆ. ಸೆಲ್ಲಿನಿಂದ ದ್ರವ ಸೋರಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಒಳಗಿರುವುದು ಸುಡುವ ಕ್ಷಾರ.

ದಡದಲ್ಲಿ ಚೆನ್ನಾಗಿ ಕಂಡ ಹಳೆಯ ಸೆಲ್ ಆಳದಲ್ಲಿ 1.1ರ ಮೇಲೆ ಏರಲಾರದೆ ಹೋಗಬಹುದು. ಸೆಟ್‌ಪಾಯಿಂಟ್ 1.3 ಇದ್ದರೆ ಯಂತ್ರ ಆ ಅಂಕಿ ಮುಟ್ಟಿಸಲು ಆಕ್ಸಿಜನ್ ಸುರಿಯುತ್ತಲೇ ಇರುತ್ತದೆ, ನಿಜವಾದ ಮಟ್ಟ ಎಲ್ಲೋ ಮೇಲಿರುತ್ತದೆ. ಎರಡು ಸೆಲ್ ಹೀಗಾದರೆ ಯಂತ್ರದ ಬಹುಮತದ ಲೆಕ್ಕ ಸರಿಯಿರುವ ಮೂರನೆಯದನ್ನೇ ಹೊರಗಿಡುತ್ತದೆ. ಒಂದೇ ಬ್ಯಾಚಿನ ಮೂರು ಸೆಲ್ ಒಟ್ಟಿಗೆ ಹಾಕಬಾರದೆನ್ನುವುದು ಇದಕ್ಕೇ. ಪತ್ತೆಗೆ ಎರಡು ದಾರಿ: 6 ಮೀಟರ್ ಆಳದಲ್ಲಿ ಶುದ್ಧ ಆಕ್ಸಿಜನ್ನಿನಿಂದ ತೊಳೆದಾಗ 1.6ರ ಹತ್ತಿರ ಬರಬೇಕು; 20 ಮೀಟರಿನಲ್ಲಿ ಗಾಳಿಯ ಡೈಲ್ಯುಯೆಂಟಿನಿಂದ ತೊಳೆದಾಗ ಮೂರೂ 0.63 ತೋರಿಸಬೇಕು. ಮೊದಲನೆಯದನ್ನು ಬೋಧಕರ ಜೊತೆಯಲ್ಲೇ ಮಾಡಿ.

ಬೆಂಗಳೂರಿನವರಿಗೆ ಒಂದು ಮಾತು. ಸುಮಾರು 920 ಮೀಟರ್ ಎತ್ತರದಲ್ಲಿ ವಾತಾವರಣದ ಒತ್ತಡ 0.91 ಬಾರ್ ಅಷ್ಟೇ. ಮನೆಯಲ್ಲಿ ಕ್ಯಾಲಿಬ್ರೇಟ್ ಮಾಡಿ (ಶುದ್ಧ ಆಕ್ಸಿಜನ್ನಿನಲ್ಲಿ ಸೆಲ್‌ಗಳ ಅಂಕಿ ಹೊಂದಿಸಿ) ಮುರುಡೇಶ್ವರಕ್ಕೆ ಹೊರಟವರ ಯಂತ್ರ ಒತ್ತಡವನ್ನು 1.0 ಎಂದೇ ಭಾವಿಸಿದ್ದರೆ, ತೆರೆಯಲ್ಲಿ 1.30 ಕಂಡಾಗ ನಿಜವಾದದ್ದು 1.18 ಮಾತ್ರ, ಡಿಕಂಪ್ರೆಷನ್ ಲೆಕ್ಕ, ಅಂದರೆ ಎಷ್ಟು ನಿಧಾನವಾಗಿ ಮೇಲೇರಬೇಕೆಂಬ ಲೆಕ್ಕ, ತಪ್ಪುತ್ತದೆ. ಕಡಲತೀರಕ್ಕೆ ಹೋದ ಮೇಲೆ ಮತ್ತೆ ಕ್ಯಾಲಿಬ್ರೇಟ್ ಮಾಡಿ.

ಲಕ್ಷಣ: ಗುಳುಗುಳು ಸದ್ದು, ಬಾಯಲ್ಲಿ ಸುಡುವ ಕಹಿ

ನೀರು ಲೂಪಿನೊಳಗೆ ಬಂದು ಸೋಡಾ ಲೈಮ್ ಮುಟ್ಟಿದೆ. ಸದ್ದು ಮಾತ್ರವಿದ್ದರೂ ಡೈವ್ ಮುಗಿಸಿ. ಕಹಿ ತಗಲಿದರೆ ತಕ್ಷಣ ಬೇಲ್‌ಔಟ್, ನುಂಗಬೇಡಿ. ಮೇಲೆ ಬಂದು ಸಿಹಿನೀರಿನಿಂದ ಬಾಯಿ ಮತ್ತೆ ಮತ್ತೆ ಮುಕ್ಕಳಿಸಿ, ವಾಂತಿ ಮಾಡಿಸಬೇಡಿ. ಗಂಟಲು ನೋವು, ಧ್ವನಿ ಬದಲಾವಣೆ, ಉಸಿರಿಗೆ ಕಷ್ಟ ಇದ್ದರೆ ಆಸ್ಪತ್ರೆಗೆ ಹೋಗಿ. ಕಾರಣ ಬಹುಪಾಲು ನೆಗೆಟಿವ್ ಪರೀಕ್ಷೆಯ ಭಾಗದಲ್ಲಿ ಹೇಳಿದ್ದೇ. ಅದರ ಜೊತೆಗೆ ಮೌತ್‌ಪೀಸ್ ರಬ್ಬರ್ ಕಟ್ಟಿರುವ ಪಟ್ಟಿ ನೋಡಿ, ಕಚ್ಚುವ ಜಾಗದಲ್ಲಿ ಅದು ಹರಿದಿರುತ್ತದೆ.

ಎಲ್ಲಿ ನಿಲ್ಲಿಸಬೇಕು

ಒಂದೇ ಪರೀಕ್ಷೆ ಎರಡು ಸಲ ವಿಫಲವಾಗಿ ಮೂರನೇ ಸಲ ಕಾರಣ ತಿಳಿಯದೆ ಪಾಸಾದರೆ ಅದನ್ನು ಪಾಸೆಂದು ಎಣಿಸಬೇಡಿ, ಅವತ್ತಿನ ಡೈವ್ ಬಿಡಿ. ರೆಗ್ಯುಲೇಟರ್, ಸೊಲೆನಾಯ್ಡ್, ಎಲೆಕ್ಟ್ರಾನಿಕ್ಸ್ ಮೂರನ್ನೂ ಅಧಿಕೃತ ಸರ್ವಿಸಿಗೆ ಕೊಡಿ. ಜೋಡಣೆಯ ಮಧ್ಯೆ ಯಾರಾದರೂ ಮಾತಾಡಿಸಿದರೆ, ಫೋನ್ ಬಂದರೆ, ಬಿಟ್ಟಲ್ಲಿಂದ ಮುಂದುವರಿಸದೆ ಪಟ್ಟಿಯ ಮೊದಲ ಸಾಲಿನಿಂದ ಮತ್ತೆ ಶುರುಮಾಡಿ. ಓ-ರಿಂಗ್ ಮರೆಯುವುದು ಇಂಥ ಹೊತ್ತಿನಲ್ಲೇ.

ಜೊತೆಗಾರ ಪ್ರಜ್ಞೆ ತಪ್ಪಿದರೆ ಮೇಲೆ ತಂದು, ಉಸಿರಾಟ ನೋಡಿ, ಇಲ್ಲದಿದ್ದರೆ ಕೃತಕ ಉಸಿರಾಟ ಮತ್ತು ಸಿಪಿಆರ್ ಆರಂಭಿಸಿ, ಪ್ರತ್ಯೇಕ ಸಿಲಿಂಡರಿನಿಂದ ಶುದ್ಧ ಆಕ್ಸಿಜನ್ ಕೊಡಿ, ಕೂಡಲೇ ವೈದ್ಯಕೀಯ ನೆರವು ಕರೆಯಿರಿ. ಆ ರೀಬ್ರೀದರನ್ನು ತೊಳೆಯಬೇಡಿ, ಬಿಚ್ಚಬೇಡಿ, ಲೈಮ್ ಚೆಲ್ಲಬೇಡಿ. ಮೌತ್‌ಪೀಸ್ ತೆರೆದಿತ್ತೇ ಮುಚ್ಚಿತ್ತೇ ಎಂದು ಬರೆದುಕೊಳ್ಳಿ. ಎರಡೂ ಗೇಜಿನ ಅಂಕಿ, ಹ್ಯಾಂಡ್‌ಸೆಟ್ ತೆರೆಯ ಫೋಟೋ ತೆಗೆಯಿರಿ. ಸಿಲಿಂಡರ್ ವಾಲ್ವ್ ಮುಚ್ಚುವಾಗ ಎಷ್ಟು ಸುತ್ತಿಗೆ ಮುಚ್ಚಿತು ಎಂದು ಎಣಿಸಿ ಬರೆಯಿರಿ. ಅದು ಪೂರ್ತಿ ತೆರೆದಿತ್ತೇ, ಅರ್ಧವೇ, ಮುಚ್ಚಿಯೇ ಇತ್ತೇ ಎಂದು ತನಿಖೆ ಮಾಡುವವರಿಗೆ ತಿಳಿಯಲು ಆ ಎಣಿಕೆಯೇ ಬೇಕು.